ಗಾಳಿಯ ಯಂತ್ರ ಮತ್ತು ಅನರ್ಥದಂಡ ವಿರತಿ

ಧರ್ಮದ ಪರೀಕ್ಷೆ ದೊಡ್ಡ ಪ್ರಸಂಗಗಳಲ್ಲಿ ಮಾತ್ರ ನಡೆಯುತ್ತದೆಂದು ತಿಳಿಯುವುದು ಸರಿಯಲ್ಲ. ಪರ್ವದಿನದ ಉಪವಾಸದಲ್ಲಿ, ಪೂಜೆಯಲ್ಲಿ, ದಾನದಲ್ಲಿ ಎಚ್ಚರದಿಂದಿರುವ ಶ್ರಾವಕನು ಮನೆಯಂಗಳದ ನಿತ್ಯದ ಕೆಲಸಗಳಲ್ಲಿ ಎಷ್ಟು ಎಚ್ಚರದಿಂದಿದ್ದಾನೆ ಎಂಬುದರಿಂದಲೇ ಅವನ ವ್ರತದ ಗಟ್ಟಿತನ ತಿಳಿಯುತ್ತದೆ. ಅಂತಹ ನಿತ್ಯದ ಕೆಲಸಗಳ ಸಾಲಿಗೆ ಇತ್ತೀಚಿನ ವರ್ಷಗಳಲ್ಲಿ ಸೇರಿರುವುದು, ತೊಳೆದ ಕಾರನ್ನು ಬ್ಲೋವರ್ ಎಂಬ ಗಾಳಿಯ ಯಂತ್ರದಿಂದ ಒಣಗಿಸುವ ಕ್ರಮ. ನೋಡುವುದಕ್ಕೆ ಇದು ಅತ್ಯಲ್ಪ ವಿಷಯ. ಆದರೆ ನೀರು, ಗಾಳಿ, ವಿದ್ಯುತ್ತು, ಸಣ್ಣ ಜೀವಿಗಳು, ನೆರೆಹೊರೆ, ಮನಸ್ಸಿನ ಅಭಿಮಾನ, ಇಷ್ಟೂ ಒಂದೇ ಕಡೆ ಕೂಡುವ ಕೆಲಸ ಇದಾದುದರಿಂದ ಅಹಿಂಸಾಣುವ್ರತಿಯ ವಿಚಾರಕ್ಕೆ ಯೋಗ್ಯವಾಗಿದೆ.

ಮಂಗಳೂರಿನಿಂದ ಚಾರ್ಮಾಡಿ ಘಟ್ಟವೇರಿ ತುಮಕೂರಿಗೆ ಹೋಗುವ ಹೆದ್ದಾರಿಯು ಬೇಲೂರು, ಹಳೇಬೀಡು, ಅರಸೀಕೆರೆಗಳನ್ನು ಒಂದೇ ದಾರದಲ್ಲಿ ಪೋಣಿಸಿದೆ. ಧರ್ಮಸ್ಥಳ, ಮೂಡಬಿದಿರೆಗಳಿಂದ ಶ್ರವಣಬೆಳಗೊಳದ ಕಡೆಗೆ ಹೊರಟ ಯಾತ್ರಿಕರ ವಾಹನಗಳು ಈ ದಾರಿಯಲ್ಲಿ ಬರುತ್ತವೆ. ಬೇಲೂರು, ಹಳೇಬೀಡುಗಳ ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಇಂತಹ ಹೆದ್ದಾರಿಯ ಬದಿಗಳಲ್ಲಿ ಜನರು 'ವಾಟರ್ ಸರ್ವೀಸ್' ಎಂದು ಕರೆಯುವ ವಾಹನ ತೊಳೆಯುವ ಅಂಗಡಿಗಳಿರುವುದು ಸಹಜ. ಅಲ್ಲಿ ಒತ್ತಡದ ಗಾಳಿಯನ್ನು ಬಳಸಿ ನೀರನ್ನು ಹಾರಿಸುವುದು ಹಳೆಯ ರೂಢಿ. ಈಗ ಅದೇ ಕೆಲಸಕ್ಕೆ ಕೈಯಲ್ಲಿ ಹಿಡಿಯುವ ಸಣ್ಣ ಬ್ಲೋವರುಗಳು ಮನೆಗಳಿಗೂ ಬಂದಿವೆ.

ಯಂತ್ರ ಮನೆಗೆ ಬಂದೊಡನೆ ಪ್ರಶ್ನೆಯೂ ಬರುತ್ತದೆ. ಗಾಳಿಯೂ ಏಕೇಂದ್ರಿಯ ಜೀವಗಳ ಕಾಯವೆಂದು ಕೇಳಿ ಬೆಳೆದ ಹಿರಿಯರು, ಒರೆಸುವ ಬಟ್ಟೆಯೊಂದು ಸಾಕಾಗಿರುವಾಗ ವಾಯುಕಾಯಿಕ ಜೀವಗಳನ್ನು ಏಕೆ ಘಾಸಿಗೊಳಿಸಬೇಕೆಂದು ಕೇಳುತ್ತಾರೆ. ಬಟ್ಟೆಯನ್ನು ಮತ್ತೆ ಮತ್ತೆ ಒಗೆದು ಹಿಂಡುವುದರಲ್ಲಿ ಜಲಕಾಯಿಕ ಜೀವಗಳ ಘಾತವಾಗುವುದಿಲ್ಲವೇ, ಗಾಳಿಯಿಂದ ಆ ನೀರಾದರೂ ಉಳಿಯುತ್ತದಲ್ಲವೇ ಎಂದು ಕಿರಿಯರು ಮರುಪ್ರಶ್ನೆ ಹಾಕುತ್ತಾರೆ. ಎರಡು ಮಾತುಗಳಲ್ಲಿಯೂ ಧರ್ಮದ ಕಾಳಜಿಯಿದೆ. ಯಾವುದನ್ನೂ ಹಾಸ್ಯ ಮಾಡಿ ತಳ್ಳಿಹಾಕುವಂತಿಲ್ಲ. ಆದುದರಿಂದ ಮೊದಲು ಯಂತ್ರದ ಸ್ವರೂಪವನ್ನು, ಆಮೇಲೆ ಶಾಸ್ತ್ರದ ನಿಲುವನ್ನು ನೋಡಿ ತೀರ್ಮಾನಕ್ಕೆ ಬರುವುದು ಯುಕ್ತ.

ತೊಳೆದ ವಾಹನವನ್ನು ಒಣಗಿಸಲೇಬೇಕೆ? ಬಿಸಿಲಿಗೆ ಬಿಟ್ಟರೆ ತಾನೇ ಒಣಗುತ್ತದೆ. ಆದರೆ ಕೊಳವೆಬಾವಿಯ ಗಡಸು ನೀರಿನಲ್ಲಿ ಸುಣ್ಣ ಮತ್ತು ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ನೀರು ಆವಿಯಾಗಿ ಹೋದಾಗ ಆ ಲವಣಗಳು ಬಣ್ಣದ ಮೇಲೆ ಬಿಳಿಯ ಮಚ್ಚೆಗಳಾಗಿ ಉಳಿಯುತ್ತವೆ. ಬಟ್ಟೆಯಿಂದ ಒರೆಸಿದರೆ, ತೊಳೆದ ಮೇಲೂ ಉಳಿದಿರುವ ಮರಳಿನ ಕಣಗಳು ಬಟ್ಟೆಗೆ ಸಿಕ್ಕಿಕೊಂಡು ಬಣ್ಣದ ಮೇಲೆ ಕೂದಲೆಳೆಯಂತಹ ಗೀರುಗಳನ್ನು ಉಂಟುಮಾಡುತ್ತವೆ. ಕನ್ನಡಿಯ ಹಿಂಬದಿ, ಬಾಗಿಲಿನ ಸಂದು, ದೀಪದ ಸುತ್ತಲಿನ ಬಿರುಕು, ಇಂತಹ ಕಡೆಗಳಿಗೆ ಬಟ್ಟೆ ಹೋಗುವುದೂ ಇಲ್ಲ. ಬ್ಲೋವರ್ ಇವೆಲ್ಲಕ್ಕೂ ಉತ್ತರವೆಂದು ಬಂದಿದೆ. ಅದು ನೀರನ್ನು ಆವಿ ಮಾಡುವುದಿಲ್ಲ, ನೂಕಿ ಕೆಳಗೆ ಬೀಳಿಸುತ್ತದೆ. ಒಂದು ಲೀಟರು ನೀರನ್ನು ಆವಿ ಮಾಡಲು 0.6 ಯೂನಿಟ್ಟಿಗಿಂತ ಹೆಚ್ಚು ಶಕ್ತಿ ಬೇಕು. 600 ವ್ಯಾಟಿನ ಬ್ಲೋವರನ್ನು ಕಾಲು ಗಂಟೆ ನಡೆಸಿದರೆ ಖರ್ಚಾಗುವುದು 0.15 ಯೂನಿಟ್ ಮಾತ್ರ. ಆದುದರಿಂದ ಇದು ವಿದ್ಯುತ್ತನ್ನು ಬೇಕಾಬಿಟ್ಟಿ ನುಂಗುವ ಯಂತ್ರವೆಂಬ ಆಕ್ಷೇಪ ಅಷ್ಟಾಗಿ ನಿಲ್ಲುವುದಿಲ್ಲ.

ಆದರೆ ಅದರ ಗಾಳಿಯ ವೇಗ ಸಾಮಾನ್ಯವಾದುದಲ್ಲ. ತೋಟದ ತರಗೆಲೆ ಗುಡಿಸಲೆಂದು ಮಾಡಿದ ದೊಡ್ಡ ಬ್ಲೋವರುಗಳ ಬಾಯಲ್ಲಿ ಗಾಳಿಯ ವೇಗ ಗಂಟೆಗೆ 150 ಕಿಲೋಮೀಟರು ಮೀರುವುದುಂಟು. ಭಾರತೀಯ ಹವಾಮಾನ ಇಲಾಖೆಯು ಗಂಟೆಗೆ 118 ಕಿಲೋಮೀಟರು ಮುಟ್ಟಿದ ಚಂಡಮಾರುತವನ್ನು 'ಅತಿ ತೀವ್ರ' ಎಂಬ ವರ್ಗಕ್ಕೆ ಸೇರಿಸುತ್ತದೆ. ಅಂದರೆ ಅಂಗೈಯಗಲದ ಜಾಗದಲ್ಲಿ ಚಂಡಮಾರುತವನ್ನೇ ಹುಟ್ಟಿಸುವ ಸಾಮರ್ಥ್ಯ ಇಂದು ಗೃಹಸ್ಥನ ಹೆಬ್ಬೆರಳಿನ ಕೆಳಗಿದೆ. ಬಲ ಹೆಚ್ಚಿದಷ್ಟೂ ಯತ್ನಾಚಾರದ ಹೊಣೆಯೂ ಹೆಚ್ಚಬೇಕು.

ಇನ್ನು ಶಾಸ್ತ್ರದ ನಿಲುವು. ಪೃಥ್ವಿ, ಅಪ್, ತೇಜಸ್ಸು, ವಾಯು, ವನಸ್ಪತಿ, ಈ ಐದು ಕಾಯಗಳ ಜೀವಗಳನ್ನು ಸ್ಥಾವರಗಳೆಂದು ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹೇಳುತ್ತದೆ. ಶ್ವೇತಾಂಬರ ಪರಂಪರೆಯ ಆಚಾರಾಂಗದ ಮೊದಲ ಅಧ್ಯಯನವು ಈ ಕಾಯಗಳನ್ನು ಒಂದೊಂದಾಗಿ ಎತ್ತಿಕೊಂಡು, ಅವುಗಳಿಗೆ ನೋವುಂಟುಮಾಡುವ ಸಾಧನಗಳನ್ನು 'ಶಸ್ತ್ರ' ಎಂದೇ ಕರೆದು, ಕೊನೆಯಲ್ಲಿ ವಾಯುಕಾಯದ ವಿಚಾರಕ್ಕೆ ಬರುತ್ತದೆ. ಗಾಳಿಯು ಬರಿಯ ಜಡವಲ್ಲ ಎಂಬ ವಿಷಯದಲ್ಲಿ ಎರಡು ಪರಂಪರೆಗಳಿಗೂ ಭಿನ್ನಾಭಿಪ್ರಾಯವಿಲ್ಲ. ಹಿರಿಯರ ಆಕ್ಷೇಪಕ್ಕೆ ಆಧಾರ ಇಲ್ಲಿದೆ.

ಇದಕ್ಕೆ ಪ್ರತಿಯಾಗಿ, ಆಷಾಢದಲ್ಲಿ ಬೇಲೂರಿನ ಕಡೆಯಿಂದ ಬೀಸುವ ಗಾಳಿ ದಿನವೆಲ್ಲ ಮರಗಳನ್ನು ಅಲ್ಲಾಡಿಸುತ್ತಿರುವಾಗ ಕಾಲು ಗಂಟೆಯ ಯಂತ್ರದ ಗಾಳಿ ಯಾವ ಲೆಕ್ಕ ಎಂದು ಕೇಳುವವರುಂಟು. ಈ ತರ್ಕ ಸರಿಯಲ್ಲ. ಪ್ರಮಾದದಿಂದ ಕೂಡಿದ ಮನೋವಾಕ್ಕಾಯಗಳ ವ್ಯಾಪಾರದಿಂದ ಪ್ರಾಣಗಳಿಗೆ ಹಾನಿಯಾದಾಗ ಅದು ಹಿಂಸೆ ಎಂಬುದು ತತ್ತ್ವಾರ್ಥಸೂತ್ರದ ಲಕ್ಷಣ. ಮುಂಗಾರಿನ ಗಾಳಿಗೆ ಕರ್ತೃ ಮನುಷ್ಯನಲ್ಲ. ಯಂತ್ರದ ಗುಂಡಿಯನ್ನು ಒತ್ತುವವನು ಮನುಷ್ಯ. ನದಿಯಲ್ಲಿ ನೆರೆ ಬಂದು ಜೀವಹಾನಿಯಾಯಿತೆಂದು ಮನೆಯಲ್ಲಿ ನೀರನ್ನು ಶೋಧಿಸದೆ ಕುಡಿಯುವ ಶ್ರಾವಕನಿಲ್ಲ. ಪ್ರಕೃತಿಯ ಕ್ರಿಯೆಯನ್ನು ತೋರಿಸಿ ತನ್ನ ಕ್ರಿಯೆಯ ಹೊಣೆಯನ್ನು ಕಡಿಮೆ ಮಾಡಿಕೊಳ್ಳಲಾಗದು.

ಹಾಗೆಂದು ಗಾಳಿಯನ್ನು ಅಲುಗಿಸುವ ಕ್ರಿಯೆಯೆಲ್ಲ ಗೃಹಸ್ಥನಿಗೆ ನಿಷಿದ್ಧವೆನ್ನುವುದೂ ಶಾಸ್ತ್ರಸಮ್ಮತವಲ್ಲ. ಮಹಾವ್ರತಿಯಾದ ಮುನಿಯು ಷಟ್ಕಾಯಗಳ ಹಿಂಸೆಯನ್ನು ಪೂರ್ಣವಾಗಿ ತ್ಯಜಿಸುತ್ತಾನೆ. ಅಣುವ್ರತಿಯಾದ ಶ್ರಾವಕನು ಸಂಕಲ್ಪಪೂರ್ವಕ ತ್ರಸಹಿಂಸೆಯನ್ನು ತ್ಯಜಿಸಿ, ಸ್ಥಾವರಹಿಂಸೆಯನ್ನು ಸಾಧ್ಯವಾದಷ್ಟು ಮಿತಿಗೊಳಿಸುತ್ತಾನೆ. ಒಲೆ ಹೊತ್ತಿಸುವುದು, ರಾಗಿ ತೂರುವುದು, ಸೆಖೆಯಲ್ಲಿ ಮಗುವಿಗೆ ಬೀಸಣಿಗೆಯಿಂದ ಬೀಸುವುದು, ಇವು ಗೃಹಸ್ಥ ಜೀವನದಲ್ಲಿ ಅನಿವಾರ್ಯ. ಇಲ್ಲಿ ಪ್ರಶ್ನೆಯು ಸ್ಥಾವರಹಿಂಸೆ ಆಗುತ್ತದೆಯೋ ಇಲ್ಲವೋ ಎಂಬಲ್ಲಿಂದ, ಅದು ಯಾವುದಕ್ಕಾಗಿ ಮತ್ತು ಎಷ್ಟು ಎಂಬ ಕಡೆಗೆ ತಿರುಗುತ್ತದೆ.

ಈ ತಿರುವಿಗೆ ಸರಿಯಾದ ದಾರಿಯನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತೋರಿಸಿದ್ದಾರೆ. ಗುಣವ್ರತಗಳಲ್ಲೊಂದಾದ ಅನರ್ಥದಂಡ ವಿರತಿಯನ್ನು ವಿವರಿಸುತ್ತ ಅವರು ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಐದು ಅನರ್ಥದಂಡಗಳನ್ನು ಹೇಳುತ್ತಾರೆ. ಇವುಗಳಲ್ಲಿ ಪ್ರಮಾದಚರ್ಯೆಯೆಂದರೆ ಫಲವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಹೊತ್ತಿಸುವುದು, ಗಾಳಿಯನ್ನು ಎಬ್ಬಿಸುವುದು, ಗಿಡಗಳನ್ನು ಕತ್ತರಿಸುವುದು, ಸುಮ್ಮನೆ ತಿರುಗಾಡುವುದು ಮತ್ತು ಇತರರನ್ನು ತಿರುಗಾಡಿಸುವುದು. ಗಾಳಿಯ ಯಂತ್ರವಿಲ್ಲದ, ಮೋಟಾರು ವಾಹನವಿಲ್ಲದ ಕಾಲದಲ್ಲಿ ಹೇಳಿದ ಈ ಪಟ್ಟಿಯಲ್ಲಿ ಇಂದಿನ ಕಾರಿನ ಕಥೆ ಪೂರ್ತಿಯಾಗಿ ಅಡಗಿದೆ. ತಿರುಗಾಟ, ತೊಳೆಯುವ ನೀರು, ಒಣಗಿಸುವ ಗಾಳಿ, ಮೂರೂ ಅಲ್ಲಿವೆ. ಅಲ್ಲಿ ಮುಖ್ಯವಾದ ಮಾತು 'ವಿಫಲ' ಎಂಬುದು. ಆಚಾರ್ಯರು ಗೃಹಸ್ಥನಿಗೆ ಗಾಳಿಯನ್ನು ಎಬ್ಬಿಸಬೇಡವೆಂದು ಹೇಳುತ್ತಿಲ್ಲ. ಫಲವಿಲ್ಲದೆ ಎಬ್ಬಿಸಬೇಡವೆನ್ನುತ್ತಾರೆ.

ಇದರ ಜೊತೆಗೆ ಈ ವ್ರತದ ಅತಿಚಾರಗಳಲ್ಲಿ ಒಂದಾದ ಅಸಮೀಕ್ಷ್ಯಾಧಿಕರಣವನ್ನೂ ನೆನೆಯಬೇಕು. ಪ್ರಯೋಜನವನ್ನು ಆಲೋಚಿಸದೆ ಬೇಕಾದುದಕ್ಕಿಂತ ಅಧಿಕವಾಗಿ ಕ್ರಿಯೆಯಲ್ಲಿ ತೊಡಗುವುದೇ ಅಸಮೀಕ್ಷ್ಯಾಧಿಕರಣ. ಹೀಗೆ ಎರಡು ಅಳತೆಗೋಲುಗಳು ದೊರೆತವು. ಕೆಲಸಕ್ಕೆ ಫಲವಿದೆಯೇ ಎಂಬುದು ಮೊದಲನೆಯದು. ಫಲವಿದ್ದರೂ ಮಾಡಿದ್ದು ಆ ಫಲಕ್ಕೆ ಬೇಕಾದಷ್ಟೇ ಆಗಿತ್ತೇ ಎಂಬುದು ಎರಡನೆಯದು.

ಈ ಅಳತೆಗೋಲುಗಳನ್ನು ಹಿಡಿದು ನೋಡಿದರೆ ಒಂದೇ ಯಂತ್ರ ಮೂವರ ಕೈಯಲ್ಲಿ ಮೂರು ಬಗೆಯಾಗುವುದು ಕಾಣುತ್ತದೆ. ಹೆದ್ದಾರಿಯ ಬದಿಯಲ್ಲಿ ವಾಟರ್ ಸರ್ವೀಸ್ ನಡೆಸುವವನಿಗೆ ಅದು ಜೀವನೋಪಾಯದ ಸಾಧನ. ಅಲ್ಲಿ ಆಗುವುದು ಉದ್ಯೋಗೀ ಹಿಂಸೆ. ಅದನ್ನು ಅವನು ಕಡಿಮೆ ಮಾಡಿಕೊಳ್ಳಬಹುದೇ ಹೊರತು ಹೊಟ್ಟೆಪಾಡನ್ನು ಬಿಡೆಂದು ಹೇಳಲಾಗದು. ಮಳೆಗಾಲದ ಕೆಸರಿನಲ್ಲಿ ಓಡಾಡಿದ ವಾಹನವನ್ನು ತೊಳೆದು, ತುಕ್ಕು ಹಿಡಿಯಬಹುದಾದ ಸಂದುಗಳ ನೀರನ್ನು ಎರಡು ನಿಮಿಷ ಗಾಳಿ ಹಾಯಿಸಿ ತೆಗೆಯುವ ಗೃಹಸ್ಥನದು ಆರಂಭೀ ಹಿಂಸೆ. ಅಲ್ಲಿ ಫಲವಿದೆ, ಮಿತಿಯೂ ಇದೆ. ಧೂಳಿಲ್ಲದ ವಾಹನವನ್ನು ವಾರಕ್ಕೆ ಮೂರು ಬಾರಿ ತೊಳೆದು, ನೆರೆಯವರು ನೋಡಲೆಂದು ಬೀದಿಯಲ್ಲಿ ನಿಲ್ಲಿಸಿ ಅರ್ಧ ಗಂಟೆ ಗಾಳಿ ಹಾಯಿಸುವವನದು ಅನರ್ಥದಂಡ. ಯಂತ್ರದ ಶಬ್ದ ಮೂರೂ ಕಡೆ ಒಂದೇ ಆಗಿ ಕೇಳಿಸಬಹುದು. ಬಂಧಿಸುವ ಕರ್ಮ ಒಂದೇ ಅಲ್ಲ. ಹೊರಗಿನ ಕ್ರಿಯೆ ಸಮಾನವಾಗಿದ್ದರೂ ಒಳಗಿನ ಪರಿಣಾಮಕ್ಕೆ ತಕ್ಕಂತೆ ಹಿಂಸೆಯ ಫಲ ಬೇರೆಯಾಗುತ್ತದೆ ಎಂಬುದನ್ನು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ವಿಸ್ತಾರವಾಗಿ ವಿವೇಚಿಸಿದ್ದಾರೆ.

ಇಲ್ಲಿಯವರೆಗೆ ಸ್ಥಾವರ ಜೀವಗಳ ಮಾತಾಯಿತು. ತ್ರಸಜೀವಗಳ ವಿಷಯ ಇದಕ್ಕಿಂತ ಗಂಭೀರವಾದುದು, ಏಕೆಂದರೆ ಅಣುವ್ರತವು ನೇರವಾಗಿ ಮುಟ್ಟುವುದು ಅವುಗಳನ್ನು. ಒಂದು ರಾತ್ರಿ ಮರದ ಕೆಳಗೆ ನಿಂತ ವಾಹನದ ಕನ್ನಡಿಯ ಹಿಂದೆ ಜೇಡವು ಬಲೆ ಕಟ್ಟಿರುತ್ತದೆ. ಬಾಗಿಲಿನ ಸಂದಿನಲ್ಲಿ ಇರುವೆಗಳ ಸಾಲು ಇರುತ್ತದೆ. ಗಾಜಿನ ಕೆಳಗಿನ ಜಾಲರಿಯಲ್ಲಿ ಪತಂಗ ಅವಿತಿರುತ್ತದೆ. ನೀರು ಬಿಟ್ಟಾಗ ಇವು ಮುಳುಗುತ್ತವೆ. ಉಳಿದವು ಗಾಳಿಯ ಹೊಡೆತಕ್ಕೆ ಕಾಲು ರೆಕ್ಕೆ ಮುರಿದು ಬೀಳುತ್ತವೆ. ಒರೆಸುವ ಬಟ್ಟೆಯು ನಿಧಾನವಾದುದರಿಂದ ಕೈ ತಡೆದು ನಿಲ್ಲಿಸುವ ಅವಕಾಶವಾದರೂ ಇದೆ. ಗಾಳಿಯು ಕಣ್ಣಿಗಿಂತ ಮೊದಲೇ ತಲುಪುತ್ತದೆ. ಕಾಣುವ ಮೊದಲೇ ಕೆಲಸ ಮಾಡಿಬಿಡುವ ಸಾಧನವನ್ನು ಹಿಡಿದವನು ಅದನ್ನು ನಡೆಸುವ ಮೊದಲೇ ನೋಡಿಕೊಂಡಿರಬೇಕು.

ಮುನಿಗಳ ಪಿಂಛಿಯನ್ನು ಇಲ್ಲಿ ನೆನೆಯುವುದು ಉಚಿತ. ಧೂಳನ್ನು ಹಿಡಿಯದಿರುವುದು, ಬೆವರನ್ನು ಹೀರದಿರುವುದು, ಮೃದುತ್ವ, ಸುಕುಮಾರತೆ, ಹಗುರತೆ ಎಂಬ ಐದು ಗುಣಗಳನ್ನು ಮೂಲಾಚಾರವು ಪಿಂಛಿಗೆ ಹೇಳುತ್ತದೆ. ಜೀವಿಯನ್ನು ಸರಿಸಬೇಕು, ಆದರೆ ಅದಕ್ಕೆ ನೋವಾಗಬಾರದು ಎಂಬ ಒಂದೇ ಉದ್ದೇಶದಿಂದ ಸಾಧನವೊಂದನ್ನು ಆರಿಸಿದ ಬಗೆ ಇದು. ಗೃಹಸ್ಥನು ಕಾರಿಗೆ ಪಿಂಛಿ ಹಿಡಿಯಬೇಕೆಂದು ಯಾರೂ ಹೇಳುವುದಿಲ್ಲ. ಅದರ ಹಿಂದಿನ ಪ್ರತಿಲೇಖನದ ಭಾವ ಮಾತ್ರ ಅವನಿಗೂ ಬೇಕು. ನೀರು ಬಿಡುವ ಮೊದಲು ವಾಹನವನ್ನು ಒಂದು ಸುತ್ತು ನೋಡಿ, ಮೆತ್ತನೆಯ ಕುಂಚದಿಂದಲೋ ಕಾಗದದ ಚೂರಿನಿಂದಲೋ ಜೇಡ ಇರುವೆಗಳನ್ನು ಗಿಡದ ಬುಡಕ್ಕೆ ಬಿಡುವುದಕ್ಕೆ ಮೂರು ನಿಮಿಷ ಸಾಕು. ಈ ಮೂರು ನಿಮಿಷವಿಲ್ಲದೆ ಬ್ಲೋವರ್ ಉತ್ತಮವೋ ಬಟ್ಟೆ ಉತ್ತಮವೋ ಎಂದು ವಾದಿಸುವುದು ವ್ಯರ್ಥ.

ವಾದದಲ್ಲಿ ಮರೆತುಹೋಗುವ ಇನ್ನೊಂದು ವಿಷಯ ನೀರು. ಒಣಗಿಸುವುದು ಕೊನೆಯ ಕಾಲು ಗಂಟೆಯ ಕೆಲಸ. ಅದಕ್ಕೆ ಮೊದಲು ನಡೆಯುವುದು ತೊಳೆಯುವುದು, ಹಿಂಸೆಯ ಹೆಚ್ಚಿನ ಭಾರವಿರುವುದು ಅಲ್ಲಿ. ಮನೆಯ ಪೈಪಿನಲ್ಲಿ ನಿಮಿಷಕ್ಕೆ 10ರಿಂದ 15 ಲೀಟರು ನೀರು ಬರುತ್ತದೆಂದು ಹಿಡಿದರೂ, ಪೈಪನ್ನು ನಿಲ್ಲಿಸದೆ ಕಾಲು ಗಂಟೆ ತೊಳೆದರೆ 150ರಿಂದ 225 ಲೀಟರು ಹರಿದುಹೋಗುತ್ತದೆ. ಗ್ರಾಮೀಣ ಪ್ರದೇಶದಲ್ಲಿ ಒಬ್ಬ ವ್ಯಕ್ತಿಗೆ ದಿನಕ್ಕೆ 55 ಲೀಟರು ನೀರು ಒದಗಿಸಬೇಕೆಂಬುದು ಜಲಜೀವನ ಯೋಜನೆಯ ಗುರಿ. ಒಂದು ಕಾರಿನ ಒಂದು ಸ್ನಾನಕ್ಕೆ ಮೂರು ನಾಲ್ಕು ಜನರ ಒಂದು ದಿನದ ನೀರು ಹೋಯಿತು. ಅದೇ ಕಾರನ್ನು ಬಕೆಟ್ಟು ಮತ್ತು ಚೊಂಬಿನಿಂದ ತೊಳೆದರೆ ಎರಡು ಮೂರು ಬಕೆಟ್ಟು, ಅಂದರೆ 30ರಿಂದ 45 ಲೀಟರು ಸಾಕು.

ಮೂರು ಊರುಗಳ ಹೆಸರು ಮತ್ತು ನೆಲೆಯಲ್ಲಿಯೇ ಈ ಮಾತಿನ ಗಾಂಭೀರ್ಯವಿದೆ. ಅರಸೀಕೆರೆಯ ಹೆಸರಿನಲ್ಲಿ ಕೆರೆಯಿದೆ. ಹಳೇಬೀಡಿನ ಹಳೆಯ ಹೆಸರಾದ ದೋರಸಮುದ್ರದಲ್ಲಿ ಸಮುದ್ರವೇ ಇದೆ. ಬೇಲೂರು ಯಗಚಿ ನದಿಯ ದಡದಲ್ಲಿದೆ. ಹೊಯ್ಸಳರ ಕಾಲದ ಜನರು ಗುಡಿ ಬಸದಿಗಳೊಡನೆ ಕೆರೆಗಳನ್ನೂ ಕಟ್ಟಿದರು. ಬೇಲೂರಿಗೆ ಮಲೆನಾಡಿನ ಮಳೆಯ ಅಂಚು ತಾಗುತ್ತದೆ. ಅಲ್ಲಿಂದ ಪೂರ್ವಕ್ಕೆ ಹೋದಂತೆ ಮಳೆ ಕಡಿಮೆಯಾಗಿ, ಅರಸೀಕೆರೆಯ ಹೊತ್ತಿಗೆ ತೆಂಗು ರಾಗಿಗಳ ಬಯಲುಸೀಮೆ ಬರುತ್ತದೆ. ಮಳೆ ಕೈಕೊಟ್ಟ ವರ್ಷ ಅಲ್ಲಿ ತೆಂಗಿನ ಮರದ ಸುಳಿಯೇ ಬಾಡುತ್ತದೆ. ಜಲಕಾಯಿಕ ಜೀವಗಳ ದೃಷ್ಟಿಯಿಂದ ಬೇಲೂರಿನ ಒಂದು ಚೊಂಬು ನೀರಿಗೂ ಅರಸೀಕೆರೆಯ ಒಂದು ಚೊಂಬು ನೀರಿಗೂ ಭೇದವಿಲ್ಲ. ಆದರೆ ಅರಸೀಕೆರೆಯಲ್ಲಿ ಚೆಲ್ಲಿದ ನೀರು ಪಕ್ಕದ ಮನೆಯ ಕೊಡದಿಂದಲೂ ಕಳೆದುಹೋಗುತ್ತದೆ.

ನೀರಿನ ಅಭಾವ ಮುಗಿದ ಕಾಲದ ಮಾತಲ್ಲವೆಂಬುದನ್ನು ರಾಜಧಾನಿಯೇ ತೋರಿಸಿಕೊಟ್ಟಿತು. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡವನ್ನೂ, ಮತ್ತೆ ಮಾಡಿದರೆ ದಿನಕ್ಕೆ 500 ರೂಪಾಯಿ ಹೆಚ್ಚುವರಿ ದಂಡವನ್ನೂ ಗೊತ್ತುಮಾಡಿತು. ಶ್ರಾವಕಾಚಾರವು ಶತಮಾನಗಳಿಂದ ಹೇಳಿದ್ದನ್ನು ಸರ್ಕಾರಿ ಆದೇಶವು ಬಾಯಾರಿಕೆ ಬಂದ ಮೇಲೆ ಹೇಳಿತು. ದಂಡದ ಭಯವಿದ್ದಾಗ ಮಾತ್ರ ಪೈಪು ಮುಚ್ಚುವವನಿಗೂ, ದಂಡವಿಲ್ಲದ ಊರಿನಲ್ಲಿ ತಾನಾಗಿ ಮುಚ್ಚುವವನಿಗೂ ಇರುವ ಅಂತರವೇ ವ್ರತಕ್ಕೂ ಕಾನೂನಿಗೂ ಇರುವ ಅಂತರ.

ಜೈನ ಮನೆಗಳಲ್ಲಿ ಕುಡಿಯುವ ನೀರನ್ನು ದಪ್ಪ ಬಟ್ಟೆಯಲ್ಲಿ ಶೋಧಿಸಿ, ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ನೀರಿನ ನೆಲೆಗೆ ಮರಳಿ ಬಿಡುವ ಸಂಪ್ರದಾಯವಿದೆ. ಒಂದು ಲೋಟ ನೀರಿನ ವಿಷಯದಲ್ಲಿ ಇಷ್ಟು ಸೂಕ್ಷ್ಮವಾದ ಮನೆಯ ಅಂಗಳದಲ್ಲಿಯೇ 200 ಲೀಟರು ನೀರು ಶೋಧನೆಯಿಲ್ಲದೆ, ಅಳತೆಯಿಲ್ಲದೆ, ಸೋಪಿನ ನೊರೆಯೊಡನೆ ಚರಂಡಿಗೆ ಹೋದರೆ, ಆಚಾರವು ಅಡುಗೆಮನೆಯ ಹೊಸ್ತಿಲಲ್ಲಿ ನಿಂತುಹೋಯಿತೆಂದು ಅರ್ಥ. ವಾಯುಕಾಯದ ಬಗ್ಗೆ ಆಕ್ಷೇಪವೆತ್ತಿದ ಹಿರಿಯರೂ, ಬಟ್ಟೆ ಒಗೆಯುವ ನೀರಿನ ಲೆಕ್ಕ ಹೇಳಿದ ಕಿರಿಯರೂ ಈ ಚರಂಡಿಯನ್ನು ಒಮ್ಮೆ ನೋಡಬೇಕು. ಬಟ್ಟೆ ಒಗೆಯಲು ಬೇಕಾದುದು ಅರ್ಧ ಬಕೆಟ್ಟು ನೀರು. ಗಾಳಿಯ ಯಂತ್ರ ಉಳಿಸುವುದು ಅಷ್ಟನ್ನೇ. ತೊಳೆಯುವ ಕೆಲಸ ಸುಲಭವಾಯಿತೆಂದು ತಿಂಗಳಿಗೆ ಎರಡು ಬಾರಿ ಇದ್ದದ್ದು ಆರು ಬಾರಿಯಾದರೆ ಉಳಿದುದರ ಹಲವು ಪಟ್ಟು ಹೋಯಿತು. ಸಾಧನವು ಕೆಲಸವನ್ನು ಹಗುರಮಾಡಿ ಆಸೆಯನ್ನು ಭಾರಮಾಡುವ ಸಂದರ್ಭ ಇದು. ಭೋಗೋಪಭೋಗ ಪರಿಮಾಣ ವ್ರತವು ಎಣಿಕೆಯನ್ನು ಕೇಳುವುದು ಇದೇ ಕಾರಣದಿಂದ.

ಇನ್ನು ಹೊಳಪಿನ ವಿಚಾರ. ತೊಳೆಯುವುದರ ಕೊನೆಯ ಫಲವೆಂದು ಎಲ್ಲರೂ ಬಯಸುವುದು ಹೊಳಪನ್ನು. ಹೊಳಪನ್ನು ಬಯಸುವುದೇ ದೋಷವೇ? ಹಳೇಬೀಡಿನ ಬಸದಿಹಳ್ಳಿಯ ಪಾರ್ಶ್ವನಾಥ ಬಸದಿಯನ್ನು ನೋಡಿದವರು ಹಾಗೆ ಹೇಳಲಾರರು. ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನ ನೆನಪಿಗಾಗಿ ಅವನ ಮಗ ಬೊಪ್ಪದೇವನು 1133ರಲ್ಲಿ ಕಟ್ಟಿಸಿದ ಬಸದಿ ಅದು. ಅಲ್ಲಿನ ತಿರುಗಣೆಯ ಕಂಬಗಳ ನಯ ಎಂತಹುದೆಂದರೆ ಎದುರು ನಿಂತವರ ಆಕೃತಿ ಇಂದಿಗೂ ಅವುಗಳಲ್ಲಿ ಮೂಡುತ್ತದೆ. ಸುಮಾರು ಒಂಬತ್ತು ಶತಮಾನಗಳಿಂದ ಆ ಹೊಳಪು ಉಳಿದಿದೆ. ಅದು ಒಬ್ಬನ ಸ್ವತ್ತಾಗಿ ಬೀದಿಯಲ್ಲಿ ಮೆರೆದದ್ದಲ್ಲ. ಬಂದವರೆಲ್ಲರಿಗೂ ಸೇರಿದ ಹೊಳಪು. ಅದರ ನಡುವೆ ನಿಂತಿರುವ ಪಾರ್ಶ್ವನಾಥ ಸ್ವಾಮಿಯ ಮೈಮೇಲೆ ಒಂದು ಎಳೆಯ ಪರಿಗ್ರಹವೂ ಇಲ್ಲ. ಅರಸೀಕೆರೆಯಲ್ಲಿ ಎರಡನೆಯ ವೀರಬಲ್ಲಾಳನ ಕಾಲದ ಮಂತ್ರಿ ರೇಚರಸನು 1220ರಲ್ಲಿ ಸಹಸ್ರಕೂಟ ಜಿನಾಲಯವನ್ನು ಕಟ್ಟಿಸಿದಾಗಲೂ ಐಶ್ವರ್ಯವು ಹೀಗೆ ಎಲ್ಲರ ಕಡೆಗೆ ತಿರುಗಿತು.

ವಾಹನದ ಬಣ್ಣ ಕೆಡದಂತೆ, ತುಕ್ಕು ಹಿಡಿಯದಂತೆ ಕಾಪಾಡುವುದು ಸರಿಯಾದ ಗೃಹಸ್ಥಧರ್ಮವೇ. ಹತ್ತು ವರ್ಷ ಬಾಳುವ ವಸ್ತುವನ್ನು ಅಲಕ್ಷ್ಯದಿಂದ ಐದು ವರ್ಷಕ್ಕೆ ಕೆಡಿಸಿ ಹೊಸದನ್ನು ಕೊಳ್ಳುವುದು ಗಣಿಯಿಂದ ಕಾರ್ಖಾನೆಯವರೆಗಿನ ಆರಂಭವನ್ನೆಲ್ಲ ಇಮ್ಮಡಿಗೊಳಿಸಿದಂತೆ. ಆದರೆ ಕೂದಲೆಳೆಯ ಗೀರಿಗೆ ಮನಸ್ಸು ಕಳವಳಗೊಳ್ಳುವಷ್ಟು, ನೆರೆಯವನ ವಾಹನಕ್ಕಿಂತ ತನ್ನದು ಮಿಂಚಬೇಕೆನ್ನುವಷ್ಟು ಆಸಕ್ತಿ ಬೆಳೆದರೆ ಅದು ಸಂರಕ್ಷಣೆಯ ಎಲ್ಲೆಯನ್ನು ದಾಟಿತು. ಸಮಂತಭದ್ರಾಚಾರ್ಯರು ಎಣಿಸಿದ ಎಂಟು ಮದಗಳಲ್ಲಿ ಋದ್ಧಿಮದವೂ ಒಂದು. ಕಾಯ್ದುಕೊಳ್ಳುವುದಕ್ಕೂ ಮೆರೆಯುವುದಕ್ಕೂ ಇರುವ ಗಡಿಯನ್ನು ಹೊರಗಿನವರು ಗುರುತಿಸಲಾರರು. ಗುಂಡಿ ಒತ್ತುವವನಿಗೆ ಮಾತ್ರ ಅದು ತಿಳಿದಿರುತ್ತದೆ.

ನೆರೆಹೊರೆಯ ಹಕ್ಕನ್ನೂ ಮರೆಯುವಂತಿಲ್ಲ. ಬ್ಲೋವರಿನಿಂದ ಎದ್ದ ಧೂಳು ತನ್ನ ಅಂಗಳದಲ್ಲಿ ನಿಲ್ಲುವುದಿಲ್ಲ. ಪಕ್ಕದ ಮನೆಯವರು ಒಣಹಾಕಿದ ರಾಗಿಯ ಮೇಲೆ, ಹಪ್ಪಳದ ಮೇಲೆ, ಹಾಸಿಗೆ ಹಿಡಿದ ವೃದ್ಧರ ಕಿಟಕಿಯೊಳಗೆ ಹೋಗುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶದಲ್ಲಿ ಹಗಲು 55 ಮತ್ತು ರಾತ್ರಿ 45 ಡೆಸಿಬೆಲ್ಲುಗಳ ಮಿತಿಯನ್ನು ಗೊತ್ತುಮಾಡಿವೆ. ಇಂತಹ ಯಂತ್ರಗಳು ಹತ್ತಿರದಲ್ಲಿ ಈ ಮಿತಿಯನ್ನು ಸುಲಭವಾಗಿ ಮೀರುತ್ತವೆ. ವಿದೇಶಗಳಲ್ಲಿ ಪೆಟ್ರೋಲಿನಿಂದ ನಡೆಯುವ ಬ್ಲೋವರುಗಳ ಹೊಗೆ ಮತ್ತು ಶಬ್ದದ ವಿರುದ್ಧ ಕಾನೂನುಗಳೇ ಬಂದಿವೆ. ಅಮೆರಿಕದ ವಾಷಿಂಗ್ಟನ್ ನಗರವು 2022ರಿಂದ ಪೆಟ್ರೋಲ್ ಬ್ಲೋವರುಗಳ ಬಳಕೆಯನ್ನು ನಿಲ್ಲಿಸಿತು. ಕ್ಯಾಲಿಫೋರ್ನಿಯಾ ರಾಜ್ಯವು ಇಂತಹ ಸಣ್ಣ ಎಂಜಿನ್ನುಗಳ ಹೊಸ ಮಾರಾಟಕ್ಕೆ 2024ರಿಂದ ತಡೆಯೊಡ್ಡಿತು. ಆ ದೇಶದಲ್ಲಿ ನೆಲೆಸಿರುವ ಜೈನ ಕುಟುಂಬಗಳಿಗೂ ಈ ವಿಚಾರ ಹೊರಗಿನದಲ್ಲ.

ಕೆಲಸವನ್ನು ಚಾಲಕನಿಗೋ ಕೂಲಿಯವನಿಗೋ ವಹಿಸಿದರೆ ಹೊಣೆ ತಪ್ಪುತ್ತದೆಂಬ ಭ್ರಮೆಯೂ ಬೇಡ. ಕೃತ, ಕಾರಿತ, ಅನುಮೋದನ ಎಂಬ ಮೂರು ಬಾಗಿಲುಗಳಿಂದಲೂ ಕರ್ಮವು ಒಳಗೆ ಬರುತ್ತದೆ. ದಿನವೆಲ್ಲ ಯಂತ್ರದ ಶಬ್ದದಲ್ಲಿ, ಧೂಳಿನಲ್ಲಿ, ತೇವದಲ್ಲಿ ನಿಲ್ಲುವ ಹುಡುಗನ ಕಿವಿ, ಶ್ವಾಸಕೋಶಗಳು ಪಂಚೇಂದ್ರಿಯ ಜೀವದ ಪ್ರಾಣಗಳೇ. ವಾಯುಕಾಯಿಕ ಜೀವದ ಬಗ್ಗೆ ಮರುಗುವವರು ಅವನ ಮೂಗಿಗೊಂದು ಬಟ್ಟೆ, ಕಿವಿಗೊಂದು ರಕ್ಷೆ, ನ್ಯಾಯವಾದ ಕೂಲಿ ದೊರೆಯಿತೇ ಎಂದು ಕೇಳದಿದ್ದರೆ ಆ ಮರುಕ ಅಪೂರ್ಣ.

ಬಸದಿಗಳ ಆಡಳಿತ ನೋಡುವ ಟ್ರಸ್ಟುಗಳಿಗೆ ಈ ವಿಷಯದಲ್ಲಿ ವಿಶೇಷ ಹೊಣೆಯಿದೆ. ಯಾತ್ರಿಕರ ಸೌಕರ್ಯವೆಂದು ಬಸದಿಯ ಆವರಣದಲ್ಲಿ ವಾಹನ ತೊಳೆಯಲು ನೀರು ಮತ್ತು ಬ್ಲೋವರನ್ನು ಒದಗಿಸುವ ಯೋಚನೆ ಬಂದರೆ ಎರಡು ಬಾರಿ ಆಲೋಚಿಸಬೇಕು. ಬ್ಲೋವರ್ ಖಡ್ಗವಲ್ಲ, ವಿಷವಲ್ಲ. ಆದರೂ ಹಿಂಸೆಯ ಸಾಧನವನ್ನು ಯಾವ ನಿಯಮವೂ ಇಲ್ಲದೆ ಎಲ್ಲರ ಕೈಗೆ ಕೊಡುವುದು ಹಿಂಸಾದಾನದ ನೆರಳಿಗೆ ಬರುತ್ತದೆ. ಸ್ವಾಧ್ಯಾಯ, ಸಾಮಾಯಿಕಗಳ ಹೊತ್ತಿನಲ್ಲಿ ಅದರ ಶಬ್ದ ಸಲ್ಲದು. ಕೆತ್ತನೆಯ ಧೂಳು ತೆಗೆಯಲು ಇದೇ ಯಂತ್ರವನ್ನು ಬಳಸುವ ಆತುರವೂ ಬೇಡ. ಹೊಯ್ಸಳ ಶಿಲ್ಪದ ಬಳಪದ ಕಲ್ಲು ಮೃದುವಾದುದು. ವೇಗದ ಗಾಳಿಯೊಡನೆ ಹಾರುವ ಮರಳಿನ ಕಣವು ಕಲ್ಲಿನ ನಯವನ್ನು ಉಜ್ಜಬಲ್ಲದು. ಮೂಲೆಗಳಲ್ಲಿ ಗೂಡು ಕಟ್ಟಿದ ಜೀವಿಗಳ ಗತಿಯೂ ಇದೆ. ಅಂತಹ ಕೆಲಸಗಳನ್ನು ಪುರಾತತ್ತ್ವ ಇಲಾಖೆಯ ತಜ್ಞರ ಸಲಹೆಯಿಲ್ಲದೆ ಮಾಡಬಾರದು.

ಇಷ್ಟು ವಿಚಾರ ಮಾಡಿದ ಮೇಲೆ ತೀರ್ಮಾನ ಕಷ್ಟವಲ್ಲ. ಗಾಳಿಯ ಯಂತ್ರದಿಂದ ವಾಹನ ಒಣಗಿಸುವುದು ಶ್ರಾವಕನಿಗೆ ಸ್ವತಃ ನಿಷಿದ್ಧವಲ್ಲ, ಸ್ವತಃ ನಿರ್ದೋಷವೂ ಅಲ್ಲ. ಕೆಸರು, ಧೂಳು ನಿಜವಾಗಿ ಹತ್ತಿದಾಗ ಮಾತ್ರ ತೊಳೆಯುವುದು. ತೊಳೆಯುವ ಮೊದಲು ಜೀವಿಗಳನ್ನು ನೋಡಿ ಸರಿಸುವುದು. ಪೈಪು ಬಿಟ್ಟು ಬಕೆಟ್ಟು ಹಿಡಿಯುವುದು. ಆ ನೀರು ಸಾಧ್ಯವಾದರೆ ಬುಡಕ್ಕೆ ಹರಿಯುವಂತೆ ತೆಂಗಿನ ಮರದ ಬಳಿ ವಾಹನ ನಿಲ್ಲಿಸಿ, ಸೋಪನ್ನು ಮಿತಿಗೊಳಿಸುವುದು. ದೊಡ್ಡ ಮೈಯನ್ನು ಮೆತ್ತನೆಯ ಶುದ್ಧ ಬಟ್ಟೆಯಿಂದ ಒರೆಸಿ, ಬಟ್ಟೆ ಹೋಗದ ಸಂದುಗಳಿಗೆ ಮಾತ್ರ ಬ್ಲೋವರನ್ನು ಕಡಿಮೆ ವೇಗದಲ್ಲಿ ಕೆಲವು ನಿಮಿಷ ಬಳಸುವುದು. ತಿಂಗಳಿಗೆ ಎಷ್ಟು ಬಾರಿ ಎಂಬ ನಿಯಮವನ್ನು ತಾನೇ ಹಾಕಿಕೊಳ್ಳುವುದು. ಹೀಗೆ ಮಾಡಿದಾಗ ಹಿರಿಯರ ಆಕ್ಷೇಪಕ್ಕೂ ಕಿರಿಯರ ಉತ್ತರಕ್ಕೂ ಗೌರವ ಸಲ್ಲುತ್ತದೆ.

ಇಷ್ಟಾದರೂ ಹಿಂಸೆ ಸೊನ್ನೆಯಾಗುವುದಿಲ್ಲ. ಒಂದಷ್ಟು ನೀರು ಚೆಲ್ಲುತ್ತದೆ, ಒಂದಷ್ಟು ಗಾಳಿ ಕಲಕುತ್ತದೆ, ಕಣ್ಣಿಗೆ ಬೀಳದ ಯಾವುದೋ ಜೀವಿಗೆ ನೋವಾಗುತ್ತದೆ. ಗೃಹಸ್ಥ ಜೀವನದಲ್ಲಿ ಈ ಶೇಷವು ಉಳಿದೇ ಉಳಿಯುತ್ತದೆ. ಅದನ್ನು ಇಲ್ಲವೆನ್ನದೆ ಸಂಜೆಯ ಪ್ರತಿಕ್ರಮಣದಲ್ಲಿ ಸ್ಥಾವರ ಜೀವಗಳಿಗೂ ತ್ರಸ ಜೀವಗಳಿಗೂ ಕ್ಷಮೆ ಕೇಳುವಾಗ ಬೆಳಗಿನ ಆ ಕಾಲು ಗಂಟೆಯನ್ನೂ ನೆನೆಯುವುದು ಶ್ರಾವಕನಿಗೆ ಉಚಿತ. ನೆನೆದವನು ಮುಂದಿನ ಬಾರಿ ಯಂತ್ರವನ್ನು ಒಂದು ನಿಮಿಷ ಮೊದಲೇ ನಿಲ್ಲಿಸುತ್ತಾನೆ.